ಕಲ್ಲಿನ ಮೇಲೆ ಬರೆದ ಕನ್ನಡ

ಅಚ್ಚುಚಿತ್ರಗಳ ಪ್ರದರ್ಶನಕ್ಕೆ ಹೋದವರು ಚಿತ್ರದ ಕೆಳಗಿನ ಬಿಳಿ ಅಂಚನ್ನು ಒಮ್ಮೆ ಬಗ್ಗಿ ನೋಡಬೇಕು. ಅಲ್ಲಿ ಪೆನ್ಸಿಲ್ಲಿನಲ್ಲಿ 3/15 ಎಂದೇನೋ ಬರೆದಿರುತ್ತದೆ. ತೆಗೆದ 15 ಪ್ರತಿಗಳಲ್ಲಿ ಇದು 3ನೆಯದು ಎಂದರ್ಥ. ಪಕ್ಕದ ಗೋಡೆಯ ಮಿಶ್ರಮಾಧ್ಯಮದ ಕೃತಿಗೆ, ಬಟ್ಟೆಯ ಚೂರು, ಹಳೆಯ ಹಾಳೆ, ಬಣ್ಣ ಎಲ್ಲ ಸೇರಿಸಿ ಅಂಟಿಸಿದ್ದಕ್ಕೆ, ಈ ಲೆಕ್ಕವಿಲ್ಲ. ಅದು ಇರುವುದೇ ಒಂದು. ಸಾವಿರ ಮನೆ ಮುಟ್ಟಲೆಂದು ಬೆಳೆದ ಕಲ್ಲಚ್ಚಿನ (ಲಿಥೋಗ್ರಫಿ) ಕಸುಬು 15ಕ್ಕೆ ಬಂದು ನಿಂತದ್ದು ಹೇಗೆ?

ಕಲ್ಲಚ್ಚಿನ ಮೂಲ ಜರ್ಮನಿಯ ಬವೇರಿಯಾದಲ್ಲಿದೆ. 1796ರಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಎಂಬ ನಾಟಕಕಾರ, ತಾಯಿ ಹೇಳಿದ ಅಗಸರ ಬಟ್ಟೆಯ ಪಟ್ಟಿಯನ್ನು ಕೈಗೆ ಕಾಗದ ಸಿಗದೆ ಸುಣ್ಣಕಲ್ಲಿನ ಮೇಲೆ ಬರೆದುಕೊಂಡನಂತೆ. ಮುಂದೆ ಅವನು ಕಂಡುಕೊಂಡದ್ದು ಸರಳವಾದ ಸತ್ಯ: ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ನುಣುಪಾಗಿ ಅರೆದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಗೋಂದು ಮತ್ತು ತುಸು ಆಮ್ಲ ಬಳಿಯುತ್ತಾರೆ. ಆಮೇಲೆ ಕಲ್ಲನ್ನು ಸ್ಪಂಜಿನಿಂದ ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ, ಶಾಯಿ ಹಿಡಿಯುವುದು ಗೆರೆ ಇದ್ದ ಕಡೆ ಮಾತ್ರ.

ಕನ್ನಡಕ್ಕೆ ಇದು ವರವಾಯಿತು. ಒತ್ತಕ್ಷರ, ಗುಣಿತಗಳಿಗೆಲ್ಲ ಅಚ್ಚಿನ ಮೊಳೆ ಎರಕ ಹೊಯ್ಯುವ ಖರ್ಚಿಲ್ಲ; ಕೈಬರಹವೇ ಅಚ್ಚಾಗುತ್ತದೆ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. ಅದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಕಲ್ಲಿನಿಂದಲೇ. ಕನ್ನಡದ ಮೊದಲ ಪತ್ರಿಕೆ ಯಾರದೋ ಕೈಬರಹದ ಅಂಕುಡೊಂಕನ್ನು ಹೊತ್ತೇ ಓದುಗರ ಕೈಸೇರಿತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ಮೊಳೆಯಚ್ಚಿಗೆ ತಿರುಗಿತು.

ಚಿತ್ರಗಳು ಮಾತ್ರ ಕಲ್ಲನ್ನು ಬಿಡಲಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಪ್ರೆಸ್ಸಿನಲ್ಲಿ ಬಣ್ಣಕ್ಕೊಂದು ಕಲ್ಲು. ಒಂದೇ ಹಾಳೆ ಕಲ್ಲಿನಿಂದ ಕಲ್ಲಿಗೆ ಹೋಗಬೇಕು, ಕೂದಲೆಳೆಯಷ್ಟು ಸರಿದರೂ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ. ವಿಜಯಪುರ ಜಿಲ್ಲೆಯ ಇಂಡಿ-ಸಿಂದಗಿ ಸೀಮೆಯಲ್ಲಿ, ತಾಂಬಾದಂಥ ಊರುಗಳಲ್ಲಿ, ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತ ಲಕ್ಷ್ಮಿ-ಸರಸ್ವತಿಯರ ಪಟಗಳು ಈ ಕಸುಬಿನ ವಂಶದವೇ. ಗ್ಯಾಲರಿ ಎಂಬ ಮಾತು ಕೇಳದ ಮನೆಗಳಿಗೂ ಅಚ್ಚುಚಿತ್ರ ಹಾಗೆ ಬಂದಿತ್ತು.

ಅದೇ ಜಿಲ್ಲೆಯಲ್ಲಿ ಅಚ್ಚಿಗಾಗಿ ಮನೆಯನ್ನೇ ಮಾರಿದ ವಕೀಲರೊಬ್ಬರಿದ್ದರು: ಫ.ಗು. ಹಳಕಟ್ಟಿ. ವಚನಗಳ ಹಸ್ತಪ್ರತಿಯನ್ನು ಅವರು ಮಂಗಳೂರಿನ ಆ ಮಿಷನ್ ಪ್ರೆಸ್ಸಿಗೇ ಕಳಿಸಿದ್ದರು. ಅದು ಮರಳಿ ಬಂತು. 1923ರಲ್ಲಿ 'ವಚನಶಾಸ್ತ್ರಸಾರ' ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಎದ್ದಿತು. ಜೋಡಿಸಿದ್ದು ಕಲ್ಲಲ್ಲ, ಮೊಳೆ. ಮನೆಮನೆ ಮುಟ್ಟುವ ಹಂಬಲ ಮಾತ್ರ ಅದೇ.

ಆಫ್‌ಸೆಟ್ ಬಂದ ಮೇಲೆ ಪ್ರೆಸ್ಸುಗಳಿಗೆ ಕಲ್ಲು ಬೇಡವಾಯಿತು. ಈಗ ಅದು ಉಳಿದಿರುವುದು ಕಲಾಶಾಲೆಗಳಲ್ಲಿ, ಬೆರಳೆಣಿಕೆಯ ಸ್ಟುಡಿಯೋಗಳಲ್ಲಿ. ಅಲ್ಲಿ ಕಲಾವಿದೆಯೊಬ್ಬಳು 15ನೆಯ ಪ್ರತಿ ತೆಗೆದ ಮೇಲೆ ಕಲ್ಲಿಗೆ ಮರಳು, ನೀರು ಹಾಕಿ ಅರೆಯುತ್ತಾಳೆ. ಗೆರೆ ಅಳಿದು, ಕಲ್ಲು ಮತ್ತೆ ಬಿಳಿಚಿಕೊಳ್ಳುತ್ತದೆ.