ಪುಲಿಗೆರೆಯ ಮನೆದೆರೆ

ಕನ್ನಡನಾಡಿನ ಪಟ್ಟಣಗಳಲ್ಲಿ ಮನೆಗಳ ಮೇಲಣ ತೆರೆಯನ್ನು ಯಾವ ಆಧಾರದಿಂದ ಗೊತ್ತುಮಾಡುತ್ತಿದ್ದರೆಂದು ವಿಚಾರಿಸುವವರಿಗೆ ಲಕ್ಷ್ಮೇಶ್ವರದ ಆಚಾರವ್ಯವಸ್ಥೆಯ ಶಾಸನವು ಬಹು ಮುಖ್ಯವಾದ ಸಾಕ್ಷ್ಯ. ಕ್ರಿ. ಶ. 725ರ ಸುಮಾರಿನದೆಂದು ಎಣಿಸಲ್ಪಟ್ಟಿರುವ ಈ ಹಳಗನ್ನಡ ಶಿಲಾಲೇಖವನ್ನು, ಬಾದಾಮಿಯ ಚಲುಕ್ಯ ವಿಜಯಾದಿತ್ಯನ ಮಗನಾದ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗ, ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಹಾಕಿಸಿಕೊಟ್ಟನು. ಎಪಿಗ್ರಾಫಿಯ ಇಂಡಿಕದ 14ನೆಯ ಸಂಪುಟದಲ್ಲಿ ಬಾರ್ನೆಟ್ಟರು ಇದನ್ನು ಪ್ರಕಟಿಸಿರುವರು. ಪೊರಿಗೆರೆಯೆಂದರೆ ತಿರುಳ್ಗನ್ನಡಕ್ಕೆ ಹೆಸರಾದ ಪಂಪನ ಪುಲಿಗೆರೆಯೇ.

ಜನವಾಸವಿರುವ ಮನೆಗಳವರು ಸಲ್ಲಿಸತಕ್ಕುದನ್ನು ಶಾಸನವು ನಾಲ್ಕು ತರವಾಗಿ ವಿಂಗಡಿಸಿದೆ: ಉತ್ತಮ ಕುಟುಂಬಕ್ಕೆ 10 ಪಣ, ಮಧ್ಯಮಕ್ಕೆ 7, ಅದರ ಕೆಳಗಿನದಕ್ಕೆ 5, ಕಡೆಯದಕ್ಕೆ 3. ಉದ್ದಗಲದ ಮಾತೇ ಇಲ್ಲ. ಅಳೆಯಬಾರದೆ ಹೀಗೆ ಮಾಡಿದರೆನ್ನಲಾಗದು. ಅದೇ ಚಲುಕ್ಯರು ಭೂಮಿಯನ್ನು ನಿವರ್ತನಗಳ ಲೆಕ್ಕದಲ್ಲಿ ದಾನಮಾಡಿರುವರು, ಮುಂದಿನ ಶತಮಾನಗಳ ಶಾಸನಗಳಲ್ಲಿ ಮನೆಯ ನಿವೇಶನಗಳನ್ನು ಕೈಯಳತೆಯಿಂದ ಹೇಳಿರುವುದೂ ಉಂಟು. ದಾನಕ್ಕೆ ನೆಲದ ಅಳತೆ, ತೆರೆಗೆ ಮನೆವಂದಿಗರ ಸ್ಥಿತಿ ಎಂಬ ಭೇದವನ್ನು ತಿಳಿದೇ ಮಾಡಿದಂತೆ ತೋರುವುದು. 2008ರಲ್ಲಿ ಬೆಂಗಳೂರಿನಲ್ಲಿ ಬಂದ ಪದ್ಧತಿಯು ಕಟ್ಟಡದ ವಿಸ್ತೀರ್ಣವನ್ನೂ ಅದಿರುವ ವಲಯವನ್ನೂ ನೋಡುವುದು. ದೊಡ್ಡ ಮನೆಯಲ್ಲಿ ಬಡವನಾಗಿ ಉಳಿದವನು ಅಲ್ಲಿ ದೊಡ್ಡ ತೆರಿಗೆಯನ್ನೇ ತೆರಬೇಕು. ಪುಲಿಗೆರೆಯಲ್ಲಾದರೋ ಅಂಥವನು 3 ಪಣದ ತರಕ್ಕೆ ಇಳಿಯಬಹುದಾಗಿದ್ದಿತು.

ಆದರೆ ಇಂಥ ಕುಟುಂಬವು ಇಂಥ ತರದ್ದೆಂದು ನಿರ್ಣಯಿಸಲು ಯಾವುದೋ ಒಂದು ಪಟ್ಟಿಯಾದರೂ ಬೇಕಷ್ಟೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಪಟ್ಟಣದ ಗೋಪನು ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳವರ ಜಾತಿ, ಗೋತ್ರ, ಹೆಸರು, ಕಸುಬುಗಳನ್ನೂ ಆದಾಯವ್ಯಯಗಳನ್ನೂ ಅರಿತಿರಬೇಕೆಂದು ವಿಧಿಸಿದೆ. ಚಲುಕ್ಯರು ಆ ಗ್ರಂಥವನ್ನು ಅನುಸರಿಸಿದರೆಂದು ಇದರಿಂದ ಹೇಳಲಾಗದು. ಓರೆಯ ಮೇಲೆ ಬರೆದ ಲೆಕ್ಕಗಳು ಕಲ್ಲಿನಂತೆ ಬಾಳುವುವಲ್ಲ. ಊರವರನ್ನು ಬಲ್ಲ ಮಹಾಜನರ ಮತ್ತು ನಗರದವರ ನೆನಪೇ ಅಲ್ಲಿ ಪಟ್ಟಿಯಾಗಿದ್ದಿರಲೂಬಹುದು.

ತೆರೆಯ ಮೊತ್ತಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು ಅದೇ ಶಾಸನದ ಮತ್ತೊಂದು ಕಟ್ಟಳೆ. ಬಾರ್ನೆಟ್ಟರ ಅರ್ಥದಂತೆ, ರಾಜಪುರುಷರು ಒಡೆಯರಿಲ್ಲದೆ ತೆರವಾಗಿರುವ ಮನೆಗಳನ್ನೂ, ರಾಜದತ್ತಿಯನ್ನೂ, ಸತ್ಪುರುಷರ ಸಾಕ್ಷ್ಯವನ್ನೂ, ತಾಮ್ರಶಾಸನವನ್ನೂ, ಅನುಭವಿಸುತ್ತ ಬಂದ ಭುಕ್ತಿಯನ್ನೂ ಕಾಯಬೇಕು. ಬರಿಯ ಮನೆಯನ್ನು ಸ್ವತ್ತಿನ ಪ್ರಮಾಣಗಳೊಡನೆ ಒಂದೇ ಸಾಲಿನಲ್ಲಿ ಇರಿಸಿರುವುದು ಆಕಸ್ಮಿಕವಾಗಿರಲಾರದು. ಬಾಗಿಲು ಮುಚ್ಚಿದ ಮನೆಗೆ ಮೊದಲು ಕೈಯಿಡಬಲ್ಲವನು ರಾಜಪುರುಷನೇ ಆದುದರಿಂದ, ಅದರ ಕಾವಲನ್ನೂ ಅವನ ತಲೆಗೇ ಕಟ್ಟಿದ್ದಾರೆ.