ಗೊತ್ತಾಗದಂತೆ ಪುಡಿ ಬೆರೆಸಿದರೆ 21 ದಿನದಲ್ಲಿ ಮಗ ಕುಡಿತ ಬಿಡುತ್ತಾನೆಯೇ?

"ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ. 21 ದಿನದಲ್ಲಿ ಕುಡಿಯುವ ಆಸೆಯೇ ಹೋಗುತ್ತದೆ. ಅಡ್ಡ ಪರಿಣಾಮ ಇಲ್ಲ. ಹತ್ತು ಜನರಿಗೆ ಕಳಿಸಿ, ಒಂದು ಮನೆ ಉಳಿಯಲಿ."

ಈ ಬಗೆಯ ಸಂದೇಶ ನಿಮಗೂ ಬಂದಿರಬಹುದು. ಒಮ್ಮೆ ಪುಡಿ, ಒಮ್ಮೆ ಹನಿ, ಒಮ್ಮೆ ಬೇರು. ಮಾತು ಮಾತ್ರ ಅದೇ. ಈ ಸಲ ನನಗೆ ಇದನ್ನು ಕಳಿಸಿದ್ದು ನನ್ನ ದೊಡ್ಡಮ್ಮ. ಕೆಳಗೆ ಒಂದೇ ಸಾಲು: "ಮಗಾ, ಇದು ನಿಜಾನಾ ನೋಡಿ ಹೇಳು."

ಯಾರಿಗಾಗಿ ಎಂದು ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಅವರ ಮಗನಿಗೆ ಈಗ 34 ವರ್ಷ. ಚಿಕಿತ್ಸೆ ಮುಗಿಸಿ ಮನೆಗೆ ಬಂದು ಆಗ 19 ದಿನವಾಗಿತ್ತು, ಒಂದು ತೊಟ್ಟೂ ಕುಡಿದಿರಲಿಲ್ಲ. ಬಿಟ್ಟಿದ್ದಾನಲ್ಲ, ಮತ್ತೆ ಪುಡಿ ಯಾಕೆ ಎಂದು ಫೋನ್ ಮಾಡಿ ಕೇಳಿದೆ. "ಬಿಟ್ಟಿದಾನೆ ಕಣೋ. ಅದಕ್ಕೇ ಭಯ" ಎಂದರು. (ಇದನ್ನು ಅಣ್ಣನಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಎಂದ.)

ಇಂಥ ಸಂದೇಶಗಳನ್ನು ನಂಬುವವರು ಪೆದ್ದರು ಎಂದು ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಹಾಗಲ್ಲ. ಎಷ್ಟೋ ವರ್ಷಗಳ ನಂತರ ಮೊದಲ ಸಲ ಭರವಸೆ ಚಿಗುರಿದಾಗ, ಅದು ಒಣಗಿಹೋಗಬಾರದು ಎಂದು ತಾಯಿ ತಂದೆ ಏನನ್ನು ಬೇಕಾದರೂ ಹಿಡಿದುಕೊಳ್ಳುತ್ತಾರೆ. ಪುಡಿ ಮಾರುವವರಿಗೂ ಇದು ಗೊತ್ತು.

ಪುಡಿಯಲ್ಲಿ ಏನಿರುತ್ತದೆ?

ಏನಿದೆ ಎಂದು ಹೇಳದೆ ಮಾರುವ ಪುಡಿಯಲ್ಲಿ ಏನಾದರೂ ಇರಬಹುದು. ಮೊದಲ ಅಪಾಯವೇ ಅದು. ಆದರೆ "ಇದನ್ನು ತಿಂದು ಕುಡಿದರೆ ವಾಂತಿಯಾಗುತ್ತದೆ" ಎಂಬ ಭರವಸೆ ಕೊಡುವ ಪುಡಿಗಳ ಹಿಂದೆ ಒಂದು ನಿಜವಾದ ಔಷಧಿಯ ನೆರಳಿದೆ. ಅದರ ಹೆಸರು ಡೈಸಲ್ಫಿರಾಮ್.

1940ರ ದಶಕದಲ್ಲಿ ಡೆನ್ಮಾರ್ಕಿನ ಜೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಜಂತುಹುಳಕ್ಕೆ ಔಷಧಿ ಹುಡುಕುತ್ತಿದ್ದರು. ಈ ಮಾತ್ರೆಯನ್ನು ತಾವೇ ನುಂಗಿ ನೋಡಿದರು. ಆಮೇಲೆ ಸ್ವಲ್ಪ ಮದ್ಯ ಕುಡಿದಾಗ ಮೈಯೆಲ್ಲ ಕೆಂಪಾಗಿ, ಎದೆ ಹೊಡೆದುಕೊಂಡು, ಅಸ್ವಸ್ಥರಾದರು. ಕಾರಣ ಇಷ್ಟು: ಹೊಟ್ಟೆಗೆ ಹೋದ ಮದ್ಯ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗುತ್ತದೆ, ಕಿಣ್ವವೊಂದು ಅದನ್ನು ಬೇಗನೆ ಒಡೆದುಹಾಕುತ್ತದೆ. ಡೈಸಲ್ಫಿರಾಮ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ವಿಷ ಒಳಗೇ ಉಳಿಯುತ್ತದೆ. ವಾಂತಿ, ತಲೆ ಸಿಡಿತ, ರಕ್ತದೊತ್ತಡದ ಕುಸಿತ ಶುರುವಾಗುತ್ತವೆ. ಹೃದಯದ ತೊಂದರೆ ಇದ್ದವರ ಪ್ರಾಣಕ್ಕೇ ಕುತ್ತು ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಇದರ ಪರಿಣಾಮ ಉಳಿಯಬಹುದು.

ಗಮನಿಸಿ, ಇದು ಆಸೆಯನ್ನು ತೆಗೆಯುವುದಿಲ್ಲ. ಕುಡಿದರೆ ಹೀಗಾಗುತ್ತದೆ ಎಂಬ ಅರಿವಿನಿಂದ ವ್ಯಕ್ತಿ ತನ್ನನ್ನು ತಾನು ತಡೆದುಕೊಳ್ಳುವಂತೆ ಮಾಡುತ್ತದೆ. ಹಾಗಾಗಿ ಗೊತ್ತಿದ್ದು ನುಂಗಿದರಷ್ಟೇ ಇದು ಔಷಧಿ. ವೈದ್ಯರು ಯಕೃತ್ತು, ಹೃದಯ ಪರೀಕ್ಷಿಸಿ, ರೋಗಿಯ ಒಪ್ಪಿಗೆ ಪಡೆದು, ಮನೆಯವರ ಕಣ್ಣೆದುರು ನುಂಗುವಂತೆ ಹೇಳಿ ಇದನ್ನು ಕೊಡುತ್ತಾರೆ. ಗೊತ್ತಿಲ್ಲದವನಿಗೆ ಸಾರಿನಲ್ಲಿ ಹಾಕಿದರೆ ಅವನು ಎಂದಿನಂತೆ ಕುಡಿಯುತ್ತಾನೆ, ಬೀಳುತ್ತಾನೆ. ಆಸ್ಪತ್ರೆಯಲ್ಲಿ "ಏನು ತಿಂದಿದ್ದರು?" ಎಂದು ಕೇಳಿದರೆ ಉತ್ತರ ಹೇಳುವವರು ಇರುವುದಿಲ್ಲ.

ಇನ್ನೊಂದು ನಷ್ಟವಿದೆ, ಅದು ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ. ಅಮ್ಮ ಬಡಿಸಿದ ಅನ್ನದಲ್ಲಿ ಏನೋ ಬೆರೆಸಿತ್ತು ಎಂದು ಮಗನಿಗೆ ಒಂದಲ್ಲ ಒಂದು ದಿನ ತಿಳಿಯುತ್ತದೆ. ಆಗಷ್ಟೇ ಮನೆಯವರ ಜೊತೆ ಕೂತು ಉಣ್ಣಲು ಶುರುಮಾಡಿದವನು ತಟ್ಟೆ ಬಿಟ್ಟು ಏಳುತ್ತಾನೆ.

21 ದಿನ ಎಲ್ಲಿಂದ ಬಂತು?

ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂದು ಅವರು ತಮ್ಮ ರೋಗಿಗಳನ್ನು ನೋಡಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕನಿಷ್ಠ" ಉದುರಿತು, ಮುಖವೂ ಉದುರಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರ ಮೇಲೆ ಅಧ್ಯಯನ ಮಾಡಿದಾಗ ಹೊಸ ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ. ಅದೂ ಊಟದ ಜೊತೆ ಹಣ್ಣು ತಿನ್ನುವಂಥ ಸಣ್ಣ ಅಭ್ಯಾಸಗಳಿಗೆ. ಕುಡಿತದ ಅವಲಂಬನೆ ಅಭ್ಯಾಸವಲ್ಲ, ಮಿದುಳಿನ ಕಾಯಿಲೆ.

ಹಾಗಾದರೆ ಚೇತರಿಕೆ ಹೇಗೆ ನಡೆಯುತ್ತದೆ?

ಮೊದಲ ಕೆಲವು ದಿನಗಳೇ ದೇಹಕ್ಕೆ ಅತಿ ಅಪಾಯದವು. ದಿನವೂ ಹೆಚ್ಚು ಕುಡಿಯುತ್ತಿದ್ದವರು ದಿಢೀರ್ ನಿಲ್ಲಿಸಿದರೆ ಒಂದು ದಿನದೊಳಗೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ಜ್ವರ. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ, ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸುತ್ತದೆ. "ಕೋಣೆಯಲ್ಲಿ ಕೂಡಿಹಾಕಿ, ತಾನಾಗೇ ಬಿಡ್ತಾನೆ" ಎಂಬ ಸಲಹೆ ಪುಡಿಗಿಂತಲೂ ಕೆಟ್ಟದ್ದು. ಆಸ್ಪತ್ರೆಯಲ್ಲಿ ಇದನ್ನು ಔಷಧಿ ಮತ್ತು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ನಿಭಾಯಿಸುತ್ತಾರೆ.

ಆ ಮೇಲಿನದ್ದು ನಿಧಾನದ ದಾರಿ. ಹಸಿವು ಬರುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಮನೆಯವರು ಎಲ್ಲ ಸರಿಹೋಯಿತು ಎಂದುಕೊಳ್ಳುತ್ತಾರೆ. ಒಳಗೆ ನಿದ್ದೆ, ಸಿಟ್ಟು, ಮಂಕು ಸರಿಯಾಗಲು ವಾರಗಳಲ್ಲ, ತಿಂಗಳುಗಳು ಬೇಕು. ಬಿಟ್ಟ ಮೇಲೆ ಮಗ ಮೊದಲಿಗಿಂತ ಸಿಡುಕನಾದ ಎಂದು ಎಷ್ಟೋ ತಾಯಂದಿರು ಹೇಳುವುದು ಇದನ್ನೇ. ವೈದ್ಯರ ಲೆಕ್ಕದಲ್ಲೂ ಮೂರು ತಿಂಗಳು ಲಕ್ಷಣಗಳಿಲ್ಲದೆ ಕಳೆದ ಮೇಲೆಯೇ "ಆರಂಭದ ಉಪಶಮನ", ಒಂದು ವರ್ಷ ಕಳೆದ ಮೇಲೆ "ಸ್ಥಿರ ಉಪಶಮನ". ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳಿವೆ. ಇವುಗಳ ಬಗ್ಗೆ ಫಾರ್ವರ್ಡ್ ಮಾತ್ರ ಯಾರೂ ಕಳಿಸುವುದಿಲ್ಲ.

ಮತ್ತೆ ಕುಡಿದರೆ? ಕುಡಿಯಬಹುದು. ಇದನ್ನು ದೊಡ್ಡಮ್ಮನಿಗೆ ಹೇಳುವುದು ನನಗೆ ಕಷ್ಟವಾಯಿತು. ವ್ಯಸನದ ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಮಂದಿ ಮರಳಿ ಜಾರುತ್ತಾರೆ ಎಂಬ ಅಂದಾಜಿದೆ. ಬಿಪಿ, ಆಸ್ತಮಾ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣವೂ ಕಡಿಮೆಯೇನಲ್ಲ. ಬಿಪಿ ಏರಿದಾಗ "ನನ್ನ ಮಾನ ಕಳೆದೆ" ಎಂದು ಯಾರೂ ಅಳುವುದಿಲ್ಲ, ಔಷಧಿ ಸರಿಮಾಡಿಸುತ್ತಾರೆ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಷಿಕಾಗೋದಲ್ಲಿ ಚಿಕಿತ್ಸೆಗೆ ಸೇರಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಎಂಟು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಬಿಟ್ಟು ಒಂದು ವರ್ಷ ತುಂಬದವರಲ್ಲಿ ಮುಂದೆಯೂ ಹಾಗೇ ಉಳಿದವರು ಮೂರರಲ್ಲಿ ಒಬ್ಬರು. ವರ್ಷ ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದರು. ಐದು ವರ್ಷ ದಾಟಿದವರಲ್ಲಿ ಜಾರಿದವರು ಶೇ 15ಕ್ಕಿಂತ ಕಡಿಮೆ. ದಿನ ಕಳೆದಂತೆ ನೆಲ ಗಟ್ಟಿಯಾಗುತ್ತದೆ.

ಅಮ್ಮ ಅಪ್ಪನ ಕೈಯಲ್ಲಿ ಏನಿದೆ?

ಬಹಳವಿದೆ ಎನ್ನುವುದೇ ನನಗೆ ಅಚ್ಚರಿ ತಂದದ್ದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚಿಕಿತ್ಸೆಗೆ ಒಪ್ಪದ ಕುಡುಕರ 130 ಮನೆಯವರನ್ನು ಮೂರು ಗುಂಪು ಮಾಡಿತು. ಒಂದು ಗುಂಪಿಗೆ ಅಲ್-ಅನಾನ್ ಮಾದರಿಯ ನೆರವು. ಇನ್ನೊಂದಕ್ಕೆ, ಎಲ್ಲರೂ ಸೇರಿ ಎದುರಿಗೆ ಕೂರಿಸಿ ಕೇಳುವ ವಿಧಾನ. ಮೂರನೆಯದಕ್ಕೆ 'ಕ್ರಾಫ್ಟ್' ಎಂಬ ತರಬೇತಿ. ಚಿಕಿತ್ಸೆಗೆ ಬಂದವರು ಕ್ರಮವಾಗಿ ಶೇ 13, ಶೇ 30, ಶೇ 64. ಅಲ್-ಅನಾನ್‌ನ ಉದ್ದೇಶವೇ ಕುಡಿಯುವವರನ್ನು ಕರೆತರುವುದಲ್ಲ, ಮನೆಯವರನ್ನು ಕಾಯುವುದು. ಆ ಲೆಕ್ಕದಲ್ಲಿ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೆ ಒಂದು ಅಂಶ ಕಣ್ಣಿಗೆ ಬಿತ್ತು: ಗಂಡ ಹೆಂಡತಿ ಪ್ರಯತ್ನಿಸಿದ್ದಕ್ಕಿಂತ ತಾಯಿ ತಂದೆ ಪ್ರಯತ್ನಿಸಿದಾಗ ಹೆಚ್ಚು ಮಂದಿ ಚಿಕಿತ್ಸೆಗೆ ಬಂದಿದ್ದರು.

ಈ ತರಬೇತಿಯ ಸಾರವನ್ನು ನಮ್ಮ ಮನೆಗಳ ಭಾಷೆಯಲ್ಲಿ ಹೀಗೆ ಹೇಳಬಹುದು. ಕುಡಿಯದ ದಿನ ಅವನ ಜೊತೆ ಕೂತು ಕಾಫಿ ಕುಡಿಯಿರಿ, ಇಷ್ಟದ ಅಡುಗೆ ಮಾಡಿ. ಹಳೆಯ ಲೆಕ್ಕ ತೆಗೆಯಬೇಡಿ. ಕುಡಿದು ಬಂದ ದಿನ ವಾದ ಬೇಡ, ಉಪಚಾರವೂ ಬೇಡ; ಪ್ರಾಣಾಪಾಯವಿಲ್ಲದಿದ್ದರೆ ದೂರ ಸರಿಯಿರಿ. ಅವನ ಸಾಲ ತೀರಿಸುವುದು, ಆಫೀಸಿಗೆ ಸುಳ್ಳು ಹೇಳಿ ರಜೆ ಹಾಕುವುದು ಬೇಡ. ಹೊಡೆತ ಬಡಿತ ಇದ್ದರೆ ಮೊದಲು ನಿಮ್ಮ ಸುರಕ್ಷತೆ.

ಎರಡು ವಿಷಯಗಳನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬುದು ಚಿಕಿತ್ಸೆಯಲ್ಲ, ಇನ್ನೊಂದು ಮನೆಯ ಹುಡುಗಿಗೆ ಮಾಡುವ ಮೋಸ. ಎರಡನೆಯದು, ಅಮ್ಮನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿಸುವುದು. ಆಣೆ ಮುರಿದ ದಿನ ಅವನು ನಿಮಗೆ ಹೇಳುವುದಿಲ್ಲ, ಬಚ್ಚಿಡುತ್ತಾನೆ. ಜಾರಿದ ದಿನವೇ ನಿಮಗೆ ಹೇಳುವಂತಿದ್ದರೆ ಮರುದಿನವೇ ವೈದ್ಯರ ಬಳಿ ಹೋಗಬಹುದು. ದೇವರ ಹೆಸರಿನ ಸಂಕಲ್ಪದಿಂದ ಬಲ ಬರುವವರಿಗೆ ಬರಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ನಡೆಸುವ ಮದ್ಯವರ್ಜನ ಶಿಬಿರಗಳಲ್ಲೂ ಶಿಬಿರಕ್ಕೇ ಕೆಲಸ ಮುಗಿಯುವುದಿಲ್ಲ, ಬಿಟ್ಟವರು ಆಮೇಲೆ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಹಾಗೆ ಸೇರುತ್ತಲೇ ಇರುವುದು ಮುಖ್ಯ.

ಎಲ್ಲಿ ಕೇಳಬೇಕು? ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಟೆಲಿ ಮಾನಸ್ ಸಂಖ್ಯೆ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು.

ದೊಡ್ಡಮ್ಮನಿಗೆ ಇಷ್ಟನ್ನೆಲ್ಲ ಬರೆಯಲಿಲ್ಲ. "ಸುಳ್ಳು. ತರಿಸಬೇಡಿ. ಕೊಟ್ಟರೆ ಅಪಾಯ" ಎಂದಷ್ಟೇ ಬರೆದು, ಆಮೇಲೆ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಪುಡಿಗೆ ಆಗಲೇ ಮುಂಗಡ ಕಟ್ಟಿಬಿಟ್ಟಿದ್ದರು. ಪೊಟ್ಟಣ ಬಂದಾಗ ಬಿಸಾಡಲಿಲ್ಲ, ಅಣ್ಣನ ಕೈಗೇ ಕೊಟ್ಟು ವಿಷಯ ಹೇಳಿದರಂತೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮುಂದಿನ ಸಲ ಡಾಕ್ಟರ ಹತ್ತಿರ ನೀನೂ ಬಾ, ನಿನಗೆ ಕೇಳೋದಿದ್ರೆ ಅಲ್ಲೇ ಕೇಳು ಎಂದ. ಮುಂದಿನ ಗುರುವಾರ ಇಬ್ಬರೂ ಹೋಗುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆಗಳನ್ನು ದೊಡ್ಡಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.