ಅನುಕಲನ (ದ್ವಿತೀಯ ಪಿಯುಸಿ ಗಣಿತ)

ಅನುಕಲನವು ಕಲನಶಾಸ್ತ್ರದ ಎರಡು ಮುಖ್ಯ ಶಾಖೆಗಳಲ್ಲಿ ಒಂದು, ಇನ್ನೊಂದು ಅವಕಲನ. ಒಂದು ರಾಶಿಯನ್ನು ಅತಿ ಸಣ್ಣ ಭಾಗಗಳಾಗಿ ವಿಂಗಡಿಸಿ, ಆ ಭಾಗಗಳ ಮೊತ್ತದ ಮೂಲಕ ಇಡೀ ರಾಶಿಯನ್ನು ಪಡೆಯುವ ಕ್ರಮವೇ ಅನುಕಲನ. ಕೆಲವು ಗ್ರಂಥಗಳಲ್ಲಿ ಇದನ್ನು ಸಮಾಕಲನ ಎಂದೂ, ತರಗತಿಗಳಲ್ಲಿ ಸಾಮಾನ್ಯವಾಗಿ ಇಂಟಿಗ್ರೇಷನ್ ಎಂದೂ ಕರೆಯುತ್ತಾರೆ. ಕರ್ನಾಟಕದಲ್ಲಿ ವಿದ್ಯಾರ್ಥಿಗಳು ಇದನ್ನು ಪೂರ್ಣವಾಗಿ ಅಭ್ಯಸಿಸುವುದು ದ್ವಿತೀಯ ಪಿಯುಸಿ ಹಂತದಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಷಯದ ಜೊತೆಗೆ ಅದರ ಪರಿಭಾಷೆಯೂ ಹೊಸದಾಗಿರುತ್ತದೆ. ಅನುಕಲನಕ್ಕೆ ಒಳಪಡುವ ಫಲನವನ್ನು ಅನುಕಲ್ಯ ಅಥವಾ ಇಂಟಿಗ್ರ್ಯಾಂಡ್ ಎನ್ನುತ್ತಾರೆ. ಮಿತಿಗಳಿಲ್ಲದ ಅನುಕಲನವು ಅನಿಶ್ಚಿತ, ಮಿತಿಗಳಿರುವುದು ನಿಶ್ಚಿತ.

ಐತಿಹಾಸಿಕ ಹಿನ್ನೆಲೆ

ವಕ್ರರೇಖೆಯಿಂದ ಆವೃತವಾದ ಕ್ಷೇತ್ರವನ್ನು ಅಳೆಯುವ ಪ್ರಶ್ನೆ ಕಲನಶಾಸ್ತ್ರಕ್ಕಿಂತ ಬಹಳ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು 9ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದಲ್ಲಿ ಆಯತವೃತ್ತ, ಅಂದರೆ ನೀಳವಾದ ವೃತ್ತದ ಪರಿಧಿ ಮತ್ತು ಕ್ಷೇತ್ರಫಲಗಳಿಗೆ ಸೂತ್ರಗಳಿವೆ. ಇದನ್ನು ಇಂದಿನ ದೀರ್ಘವೃತ್ತವೆಂದು ತೆಗೆದುಕೊಂಡು, ಅರ್ಧ ಅಕ್ಷಗಳು 4 ಮತ್ತು 3 ಆಗಿರುವಾಗ ಲೆಕ್ಕ ಮಾಡಿದರೆ ಅವನ ಪರಿಧಿಯ ಸೂತ್ರ ಸುಮಾರು 21.7 ಎನ್ನುತ್ತದೆ, ನಿಜವಾದ ಬೆಲೆ ಸುಮಾರು 22.1. ಕ್ಷೇತ್ರಫಲದಲ್ಲಿ ಮಾತ್ರ ಅಂತರ ದೊಡ್ಡದು: ಸೂತ್ರದಿಂದ 32.6, ನಿಜವಾಗಿ 37.7. ಮಹಾವೀರನಂತಹ ನಿಪುಣನಿಗೂ ನಿಲುಕದ ಈ ಲೆಕ್ಕವನ್ನು ಇಂದು ಪಿಯುಸಿ ವಿದ್ಯಾರ್ಥಿಯು ಅರ್ಧ ಪುಟದಲ್ಲಿ ಬಿಡಿಸುತ್ತಾನೆ. ಅದರ ಕ್ರಮವನ್ನು ಮುಂದೆ ಕೊಟ್ಟಿದೆ.

12ನೇ ಶತಮಾನದಲ್ಲಿ ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಾಸನ ಜಿಲ್ಲೆಯ ಹಳೇಬೀಡು, ಉಚ್ಛ್ರಾಯದಲ್ಲಿತ್ತು. ಹೊಯ್ಸಳರ ಆಶ್ರಯದಲ್ಲಿದ್ದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಕನ್ನಡದಲ್ಲೇ ಬರೆದನು. ಇವು ವ್ಯಾವಹಾರಿಕ ಲೆಕ್ಕ ಹಾಗೂ ಕ್ಷೇತ್ರಮಾಪನದ ಗ್ರಂಥಗಳೇ ಹೊರತು ಕಲನಶಾಸ್ತ್ರದವಲ್ಲ. ಆದರೆ ಗಣಿತದ ಪರಿಭಾಷೆ ಕನ್ನಡಕ್ಕೆ ಹೊಸತಲ್ಲ ಎಂಬುದಕ್ಕೆ ಇವು ಸಾಕ್ಷಿ. ಅದೇ ಶತಮಾನದ ಭಾಸ್ಕರಾಚಾರ್ಯನು 1150ರ 'ಸಿದ್ಧಾಂತಶಿರೋಮಣಿ'ಗೆ ಸಂಬಂಧಿಸಿದ ವಿವರಣೆಯಲ್ಲಿ ಗೋಳದ ಮೇಲ್ಮೈಯನ್ನು ಪಟ್ಟಿಗಳಾಗಿ ವಿಭಜಿಸಿ ಅವುಗಳ ಮೊತ್ತದಿಂದ ಕ್ಷೇತ್ರಫಲ ಪಡೆದಿದ್ದಾನೆ. 17ನೇ ಶತಮಾನದ ಉತ್ತರಾರ್ಧದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಈ ಬಗೆಯ ಮೊತ್ತಗಳಿಗೂ ಅವಕಲನಕ್ಕೂ ಇರುವ ಸಂಬಂಧವನ್ನು ವ್ಯವಸ್ಥಿತವಾಗಿ ಸ್ಥಾಪಿಸಿದರು. ಇಂದು ಬಳಸುವ ∫ ಚಿಹ್ನೆಯನ್ನು ಲೈಬ್ನಿಟ್ಸ್ 1675ರಲ್ಲಿ ಬಳಕೆಗೆ ತಂದನು. ಅದು 'ಮೊತ್ತ' ಎಂಬರ್ಥದ ಲ್ಯಾಟಿನ್ ಪದದ ಮೊದಲ ಅಕ್ಷರದ ಉದ್ದನೆಯ ರೂಪ.

ಮೊತ್ತವಾಗಿ ಅನುಕಲನ

ಎಕ್ಸ್‌ನ ವರ್ಗವನ್ನು ಸೂಚಿಸುವ ವಕ್ರರೇಖೆಯ ಕೆಳಗೆ 0ಯಿಂದ 1ರವರೆಗೆ ಇರುವ ಕ್ಷೇತ್ರಫಲವನ್ನು ಪರಿಗಣಿಸಬಹುದು. ಈ ಅಂತರವನ್ನು 10 ಸಮಭಾಗ ಮಾಡಿ ಪ್ರತಿ ಭಾಗದ ಮೇಲೆ ಒಂದೊಂದು ಆಯತ ನಿಲ್ಲಿಸಿದರೆ, ರೇಖೆಯ ಒಳಗೇ ಉಳಿಯುವ ಆಯತಗಳ ಮೊತ್ತ 0.285, ರೇಖೆಯನ್ನು ಮೀರಿ ನಿಲ್ಲುವವುಗಳ ಮೊತ್ತ 0.385. ನಿಜವಾದ ಬೆಲೆ ಇವೆರಡರ ನಡುವೆ ಇದೆ. 100 ಭಾಗ ಮಾಡಿದಾಗ ಈ ಎರಡು ಮೊತ್ತಗಳು 0.32835 ಮತ್ತು 0.33835 ಆಗುತ್ತವೆ. ಭಾಗಗಳು ಹೆಚ್ಚಿದಂತೆ ಎರಡೂ 1/3ರತ್ತ ಸಾಗುತ್ತವೆ.

ಇದೇ ಉತ್ತರವನ್ನು ಒಂದು ಸಾಲಿನಲ್ಲಿ ಪಡೆಯಲು ಸಾಧ್ಯವಾಗುವುದು ಕಲನಶಾಸ್ತ್ರದ ಮೂಲಭೂತ ಪ್ರಮೇಯದಿಂದ. ಅವಕಲಿಸಿದಾಗ ಎಕ್ಸ್‌ನ ವರ್ಗ ಬರುವಂತಹ ಫಲನ ಎಕ್ಸ್‌ನ ಘನದ ಮೂರನೇ ಒಂದು ಭಾಗ. ಅದರಲ್ಲಿ ಮೇಲಿನ ಮಿತಿ 1ನ್ನೂ ಕೆಳಗಿನ ಮಿತಿ 0ಯನ್ನೂ ಆದೇಶಿಸಿ ಕಳೆದರೆ 1/3 ದೊರೆಯುತ್ತದೆ. ನೂರು ಆಯತಗಳ ಶ್ರಮವನ್ನು ಒಂದು ವ್ಯವಕಲನಕ್ಕೆ ಇಳಿಸುವುದೇ ಈ ಪ್ರಮೇಯದ ಮಹತ್ವ.

ಪಠ್ಯಕ್ರಮದಲ್ಲಿ ಸ್ಥಾನ

ರಾಜ್ಯದ ದ್ವಿತೀಯ ಪಿಯುಸಿ ಗಣಿತವು ಎನ್‌ಸಿಇಆರ್‌ಟಿ ಪಠ್ಯಪುಸ್ತಕವನ್ನು ಅನುಸರಿಸುತ್ತದೆ. ಅದರ ಎರಡನೆಯ ಭಾಗದಲ್ಲಿ 7ನೇ ಅಧ್ಯಾಯ ಅನುಕಲನ, 8ನೇ ಅಧ್ಯಾಯ ಅದರ ಅನ್ವಯ, 9ನೇ ಅಧ್ಯಾಯ ಅವಕಲ ಸಮೀಕರಣಗಳು. ಕೊನೆಯದನ್ನು ಬಿಡಿಸಲೂ ಅನುಕಲನವೇ ಬೇಕಾದುದರಿಂದ 7ನೇ ಅಧ್ಯಾಯದಲ್ಲಿ ಉಳಿದ ಕೊರತೆ ಮೂರು ಅಧ್ಯಾಯಗಳನ್ನು ಬಾಧಿಸುತ್ತದೆ. ಕೋವಿಡ್ ನಂತರ ನಡೆದ ಪಠ್ಯ ಕಡಿತದಲ್ಲಿ ನಿಶ್ಚಿತ ಅನುಕಲನವನ್ನು ಮೊತ್ತದ ಪರಿಮಿತಿಯಾಗಿ ಲೆಕ್ಕ ಹಾಕುವ ಭಾಗವನ್ನೂ ಎರಡು ವಕ್ರರೇಖೆಗಳ ನಡುವಿನ ಕ್ಷೇತ್ರಫಲವನ್ನೂ ಕೈಬಿಡಲಾಯಿತು. ಇದರಿಂದ ಹೊರೆ ಇಳಿದಿದೆ ನಿಜ. ಆದರೆ ಮೊತ್ತದ ಕಲ್ಪನೆಯನ್ನು ಒಮ್ಮೆಯೂ ಕೈಯಾರೆ ಮಾಡಿ ನೋಡದ ವಿದ್ಯಾರ್ಥಿಗೆ ಅನುಕಲನವು ಬರೀ ಸೂತ್ರಗಳ ಪಟ್ಟಿಯಾಗಿ ಕಾಣುವ ಅಪಾಯವಿದೆ. ಮೇಲಿನ ಹತ್ತು ಆಯತಗಳ ಲೆಕ್ಕಕ್ಕೆ ಬೇಕಾಗುವುದು ಕೆಲವೇ ನಿಮಿಷ.

ಮುಖ್ಯ ವಿಧಾನಗಳು

ಅವಕಲನಕ್ಕೆ ನಿಶ್ಚಿತ ನಿಯಮಗಳಿವೆ. ಯಾವ ಫಲನ ಕೊಟ್ಟರೂ ಅವುಗಳನ್ನು ಸಾಲಾಗಿ ಪ್ರಯೋಗಿಸಬಹುದು. ಅನುಕಲನದಲ್ಲಿ ಮೊದಲು ಅನುಕಲ್ಯದ ರೂಪವನ್ನು ಗುರುತಿಸಬೇಕು, ವಿಧಾನ ಆಮೇಲೆ. ಕಷ್ಟವಿರುವುದು ಇಲ್ಲಿಯೇ.

ಅನುಕಲ್ಯದಲ್ಲಿ ಒಂದು ಫಲನವೂ ಅದರ ಅವಕಲಜವೂ ಒಟ್ಟಿಗೆ ಕಂಡರೆ ಆದೇಶ ವಿಧಾನ ಸೂಕ್ತ. ಉದಾಹರಣೆಗೆ, 2 ಎಕ್ಸ್ ಅನ್ನು 'ಎಕ್ಸ್ ವರ್ಗ ಕೂಡಿಸು 1'ರ ವರ್ಗಮೂಲದಿಂದ ಗುಣಿಸಿ 0ಯಿಂದ 1ರವರೆಗೆ ಅನುಕಲಿಸಬೇಕೆನ್ನಿ. 'ಎಕ್ಸ್ ವರ್ಗ ಕೂಡಿಸು 1' ಅನ್ನು ಟಿ ಎಂದು ಇಟ್ಟರೆ 2 ಎಕ್ಸ್ ತಾನಾಗಿ ಹೊಂದಿಕೊಳ್ಳುತ್ತದೆ. ಆಗ ಮಿತಿಗಳೂ 1 ಮತ್ತು 2 ಎಂದು ಬದಲಾಗಬೇಕು. ಉತ್ತರ ಸುಮಾರು 1.219. ಹಳೆಯ ಮಿತಿಗಳನ್ನೇ ಉಳಿಸಿಕೊಂಡರೆ 2/3 ಎಂಬ ತಪ್ಪು ಉತ್ತರ ಬರುತ್ತದೆ. ಉತ್ತರ ಪತ್ರಿಕೆಗಳಲ್ಲಿ ಅಂಕ ಕಳೆಯುವ ಸಾಮಾನ್ಯ ದೋಷಗಳಲ್ಲಿ ಇದೂ ಒಂದು.

ಛೇದದಲ್ಲಿ ಅಪವರ್ತನಗಳಿದ್ದರೆ ಆಂಶಿಕ ಭಿನ್ನರಾಶಿಗಳಾಗಿ ಒಡೆಯಬೇಕು. ಛೇದ 'ಎಕ್ಸ್ ವರ್ಗ ಕಳೆ 16' ಆಗಿ ಅಂಶ 1 ಇದ್ದಲ್ಲಿ, 'ಎಕ್ಸ್ ಕಳೆ 4' ಹಾಗೂ 'ಎಕ್ಸ್ ಕೂಡಿಸು 4' ಎಂಬೆರಡರ ವ್ಯುತ್ಕ್ರಮಗಳ ವ್ಯತ್ಯಾಸದ 1/8 ಭಾಗವೇ ಅದು. ಆದ್ದರಿಂದ ಉತ್ತರ ಎರಡು ಲಾಗರಿತಮ್‌ಗಳ ವ್ಯತ್ಯಾಸದ 1/8 ಭಾಗ. ಅಪವರ್ತಿಸಲಾಗದ ವರ್ಗ ಬಹುಪದಿಯಿದ್ದರೆ ವರ್ಗ ಪೂರ್ಣಗೊಳಿಸಬೇಕು. 'ಎಕ್ಸ್ ವರ್ಗ ಕಳೆ 6 ಎಕ್ಸ್ ಕೂಡಿಸು 13' ಎಂಬುದು 'ಎಕ್ಸ್ ಕಳೆ 3'ರ ವರ್ಗಕ್ಕೆ 4 ಕೂಡಿಸಿದಂತೆ. ಹಾಗೆ ಬರೆದೊಡನೆ ವಿಲೋಮ ಟ್ಯಾನ್ ಸೂತ್ರ ಅನ್ವಯಿಸುತ್ತದೆ.

ಎರಡು ಭಿನ್ನ ಬಗೆಯ ಫಲನಗಳ ಗುಣಲಬ್ಧಕ್ಕೆ ಭಾಗಶಃ ಅನುಕಲನ ವಿಧಾನವಿದೆ. ಯಾವುದನ್ನು ಮೊದಲ ಫಲನವೆಂದು ಆರಿಸಬೇಕು ಎಂಬುದಕ್ಕೆ ತರಗತಿಗಳಲ್ಲಿ 'ಐಲೇಟ್' ಎಂಬ ನೆನಪಿನ ಸೂತ್ರ ಬಳಕೆಯಲ್ಲಿದೆ: ವಿಲೋಮ ತ್ರಿಕೋನಮಿತೀಯ, ಲಾಗರಿತಮ್, ಬೀಜೀಯ, ತ್ರಿಕೋನಮಿತೀಯ, ಘಾತೀಯ ಎಂಬ ಆದ್ಯತೆಯ ಕ್ರಮ. ಲಾಗ್ ಎಕ್ಸ್ ಒಂದೇ ಇದ್ದಾಗಲೂ ಅದನ್ನು 1ರಿಂದ ಗುಣಿಸಿದೆ ಎಂದು ಭಾವಿಸಿ ಇದೇ ವಿಧಾನದಿಂದ ಅನುಕಲಿಸಬಹುದು.

ಎಲ್ಲ ಫಲನಗಳಿಗೂ ಇಂತಹ ಉತ್ತರ ಸಿಗುವುದಿಲ್ಲ. ಇ ಎಂಬ ಸಂಖ್ಯೆಯ ಘಾತದಲ್ಲಿ ಎಕ್ಸ್ ವರ್ಗದ ಋಣ ರೂಪವಿರುವ ಫಲನವು ಸಂಖ್ಯಾಶಾಸ್ತ್ರದಲ್ಲಿ ನಿತ್ಯ ಬಳಕೆಯಲ್ಲಿದ್ದರೂ, ಅದರ ಅನಿಶ್ಚಿತ ಅನುಕಲನವನ್ನು ಪರಿಚಿತ ಪ್ರಾಥಮಿಕ ಫಲನಗಳಲ್ಲಿ ಬರೆಯಲಾಗದು. ಅಲ್ಲಿ ಮತ್ತೆ ಸಂಖ್ಯಾತ್ಮಕ ಮೊತ್ತವೇ ನೆರವಿಗೆ ಬರುತ್ತದೆ.

ನಿಶ್ಚಿತ ಅನುಕಲನ ಮತ್ತು ಕ್ಷೇತ್ರಫಲ

ನಿಶ್ಚಿತ ಅನುಕಲನದ ಗುಣಧರ್ಮಗಳಿಂದ ದೀರ್ಘ ಲೆಕ್ಕಗಳು ಚಿಕ್ಕದಾಗುತ್ತವೆ. ಅಂಶದಲ್ಲಿ ಸೈನ್, ಛೇದದಲ್ಲಿ ಸೈನ್ ಮತ್ತು ಕೊಸೈನ್‌ಗಳ ಮೊತ್ತ ಇರುವ ಫಲನವನ್ನು 0ಯಿಂದ 90 ಡಿಗ್ರಿಯವರೆಗೆ, ಅಂದರೆ ಪೈ/2ರವರೆಗೆ, ಅನುಕಲಿಸಬೇಕೆನ್ನಿ. ಎಕ್ಸ್‌ನ ಬದಲು 'ಪೈ/2 ಕಳೆ ಎಕ್ಸ್' ಎಂದು ಬರೆದರೆ ಬೆಲೆ ಬದಲಾಗುವುದಿಲ್ಲ, ಆದರೆ ಅಂಶದಲ್ಲಿ ಕೊಸೈನ್ ಬರುತ್ತದೆ. ಎರಡನ್ನೂ ಕೂಡಿಸಿದರೆ ಅನುಕಲ್ಯ 1 ಆಗಿ ಮೊತ್ತ ಪೈ/2. ಆದ್ದರಿಂದ ಒಂದರ ಬೆಲೆ ಪೈ/4.

ಅಕ್ಷದ ಕೆಳಗಿನ ಭಾಗ ಅನುಕಲನದಲ್ಲಿ ಋಣ ಬೆಲೆಯಾಗಿ ಸೇರುತ್ತದೆ ಎಂಬುದನ್ನು ಮರೆಯಬಾರದು. ಸೈನ್ ಫಲನವನ್ನು 0ಯಿಂದ 2 ಪೈವರೆಗೆ ಅನುಕಲಿಸಿದರೆ ಸೊನ್ನೆ. ಆದರೆ ಆ ರೇಖೆ ಮತ್ತು ಅಕ್ಷದ ನಡುವಿನ ಕ್ಷೇತ್ರಫಲ 4.

ಮಹಾವೀರನ ದೀರ್ಘವೃತ್ತದ ಲೆಕ್ಕ ಈಗ ಸುಲಭ. ಅರ್ಧ ಅಕ್ಷಗಳು 4 ಮತ್ತು 3 ಇರುವಾಗ ಕಾಲು ಭಾಗದಲ್ಲಿ ಪ್ರತಿ ಪಟ್ಟಿಯ ಎತ್ತರವು ತ್ರಿಜ್ಯ 4ರ ವೃತ್ತದ ಪಟ್ಟಿಯ ಎತ್ತರದ 3/4 ಭಾಗ. ಆ ವೃತ್ತದ ಕಾಲು ಭಾಗದ ಕ್ಷೇತ್ರಫಲ 4 ಪೈ. ಅದರ 3/4 ಎಂದರೆ 3 ಪೈ. ನಾಲ್ಕು ಕಾಲುಗಳು ಸೇರಿ 12 ಪೈ, ಅಂದರೆ ಸುಮಾರು 37.7. ಪರೀಕ್ಷೆಯಲ್ಲಿ ವರ್ಗಮೂಲದ ಅನುಕಲನ ಸೂತ್ರವನ್ನು ಬಳಸಿ ಹಂತಗಳನ್ನು ಬರೆಯಬೇಕು. ಈ ಹೋಲಿಕೆ ಉತ್ತರವನ್ನು ತಾಳೆ ನೋಡಲು ಉಪಯುಕ್ತ.

ಪರೀಕ್ಷಾ ಸಿದ್ಧತೆ

ಈಚಿನ ಮಾದರಿಯಲ್ಲಿ ಗಣಿತದ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತ್ತು. ಪ್ರಮಾಣಿತ ಸೂತ್ರವೊಂದನ್ನು ಸಾಧಿಸಿ, ಅದರಿಂದಲೇ ಇನ್ನೊಂದು ಅನುಕಲನದ ಬೆಲೆ ಕಂಡುಹಿಡಿಯುವ ಪ್ರಶ್ನೆ ರೂಢಿಯಲ್ಲಿದೆ. ನಿಶ್ಚಿತ ಅನುಕಲನದ ಗುಣಧರ್ಮದ ಸಾಧನೆಯೂ ಹಾಗೆಯೇ. ಇಂತಹ ಪ್ರಶ್ನೆಗಳಲ್ಲಿ ಹಂತಗಳಿಗೆ ಅಂಕವಿರುವುದರಿಂದ ಕೊನೆಯ ಉತ್ತರ ತಪ್ಪಿದರೂ ಪೂರ್ಣ ನಷ್ಟವಾಗುವುದಿಲ್ಲ. ಅನಿಶ್ಚಿತ ಅನುಕಲನದ ಉತ್ತರವನ್ನು ಅವಕಲಿಸಿದರೆ ಮೂಲ ಅನುಕಲ್ಯವೇ ಮರಳಿ ಬರಬೇಕು. ಸ್ವಂತವಾಗಿ ಓದುವವರಿಗೆ ಇಷ್ಟು ನಂಬಿಕಾರ್ಹ ಪರೀಕ್ಷಕ ಬೇರೆ ಸಿಗಲಾರದು. ಅನುಕಲನ ಸ್ಥಿರಾಂಕ ಸಿ ಮಾತ್ರ ಈ ತಪಾಸಣೆಯಲ್ಲಿ ಕಾಣಿಸದು. ಅಧ್ಯಾಯ ಮುಗಿದ ಮೇಲೆ ಬೇರೆ ಬೇರೆ ಅಭ್ಯಾಸಗಳ ಲೆಕ್ಕಗಳನ್ನು ಬೆರೆಸಿ ಬಿಡಿಸುವುದು ಒಳ್ಳೆಯದು, ಏಕೆಂದರೆ ಪ್ರಶ್ನೆಪತ್ರಿಕೆಯು ವಿಧಾನದ ಹೆಸರನ್ನು ಯಾವಾಗಲೂ ಹೇಳುವುದಿಲ್ಲ. ಎಂಜಿನಿಯರಿಂಗ್ ಪ್ರವೇಶದ ಸಿಇಟಿಯಲ್ಲಿ 60 ಗಣಿತ ಪ್ರಶ್ನೆಗಳಿಗೆ 80 ನಿಮಿಷ ಮಾತ್ರ ಇದ್ದು, ಅಲ್ಲಿ ಸಮತೆ ಮತ್ತು ಗುಣಧರ್ಮಗಳನ್ನು ಬೇಗ ಗುರುತಿಸುವುದೇ ಮುಖ್ಯ.

ಪಠ್ಯದಾಚೆ

ವಕ್ರರೇಖೆಯನ್ನು ಅಕ್ಷದ ಸುತ್ತ ತಿರುಗಿಸಿದಾಗ ಉಂಟಾಗುವ ಘನಾಕೃತಿಯ ಗಾತ್ರ ಪಿಯುಸಿ ಪಠ್ಯದಲ್ಲಿಲ್ಲ, ಆದರೆ ತತ್ತ್ವ ಅದೇ: ಪಟ್ಟಿಗಳ ಬದಲು ತೆಳುವಾದ ಬಿಲ್ಲೆಗಳು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಬಳಪದ ಕಲ್ಲನ್ನು ತಿರುಗಣೆಗೆ ಕೊಟ್ಟು ಕಡೆದಂತಹ ದುಂಡು ಕಂಬಗಳು ಇಂತಹ ಆಕೃತಿಗೆ ಉತ್ತಮ ನಿದರ್ಶನ. ಪ್ರತಿ ಎತ್ತರದಲ್ಲಿ ಕಂಬದ ಸುತ್ತಳತೆಯ ವರ್ಗವನ್ನು 4 ಪೈಯಿಂದ ಭಾಗಿಸಿದರೆ ಅಡ್ಡಕೊಯ್ತದ ಕ್ಷೇತ್ರಫಲ ಸಿಗುತ್ತದೆ. ಅದನ್ನು ಬುಡದಿಂದ ತುದಿಯವರೆಗೆ ಅನುಕಲಿಸಿದರೆ ಕಲ್ಲಿನ ಗಾತ್ರ. ಸಂರಕ್ಷಿತ ಸ್ಮಾರಕದ ಕಂಬಕ್ಕೆ ದಾರ ಸುತ್ತಿ ಅಳೆಯುವಂತಿಲ್ಲ. ಬುಗುರಿಯನ್ನೋ ಹಿತ್ತಾಳೆಯ ಚೊಂಬನ್ನೋ ಹೀಗೆ ಅಳೆದು, ನೀರಿನಲ್ಲಿ ಮುಳುಗಿಸಿ ಅಥವಾ ನೀರು ತುಂಬಿಸಿ ಲೆಕ್ಕವನ್ನು ತಾಳೆ ನೋಡಬಹುದು.